ಕೂತ ಮಾತು, ಎದ್ದ ಮಾತು

ಪಕ್ಕದ ಮನೆಯ ಅಕಾಯಿತಿ ಅವತ್ತು ಬೋರ್ಡಿನ ಮೇಲೆ ಬರೆದದ್ದು ಎರಡೇ ಸಾಲು. ಊರ ಸಭೆಮನೆಯಲ್ಲಿ, ಮಟಮಟ ಮಧ್ಯಾಹ್ನ, ಗರಿಯ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದ ಇಡೀ ಊರಿನ ಎದುರಿಗೆ. ಬಚ್ಚಿಟ್ಟದ್ದು ಏನೂ ಇರಲಿಲ್ಲ. ಬರೆದು, ಗಟ್ಟಿಯಾಗಿ ಓದಿ, ಬೆರಳಿಗೆ ಹತ್ತಿದ ಸೀಮೆಸುಣ್ಣವನ್ನು ಲಂಗಕ್ಕೆ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ನಾವೆಲ್ಲ ತಲೆಯಾಡಿಸಿದೆವು. ನಾನೂ ಆಡಿಸಿದೆ.

ನಮ್ಮ ದ್ವೀಪದ ಮೂಡಣ ಒಳಗಡಲಿಗೆ, ಹವಳದ ದಿಬ್ಬದ ಒಳಗಿನ ಆ ಆಳವಿಲ್ಲದ ನೀರಿಗೆ, ನಾಲ್ಕು ವರ್ಷದಿಂದ ರಾಉಯಿ ಹಾಕಿತ್ತು. ಹಿರಿಯರು ದಡದ ಕಂಬಕ್ಕೆ ತೆಂಗಿನ ಗರಿ ಕಟ್ಟಿದರೆ ಮುಗಿಯಿತು, ಅದೇ ರಾಉಯಿ. ಬಿಚ್ಚುವ ತನಕ ಅಲ್ಲಿ ಯಾರೂ ಒಂದು ಚಿಪ್ಪನ್ನೂ ಮುಟ್ಟುವ ಹಾಗಿಲ್ಲ. ಕಾವಲಿಗೆ ಆಳು ಬೇಡ. ಗರಿಯನ್ನು ದಾಟಿದವನ ಮನೆಗೆ ಯಾರೂ ಊಟಕ್ಕೆ ಹೋಗುವುದಿಲ್ಲ, ಅಷ್ಟು ಸಾಕು. ಈ ಸಲ ಗರಿ ಕಟ್ಟಿದ್ದು ಪಾವುವಾಗಾಗಿ. ಹವಳದ ಬಂಡೆಗೆ ಕಚ್ಚಿಕೊಂಡು, ನೀಲಿ ತುಟಿ ಬಿಚ್ಚಿ ಕೂರುವ ದಪ್ಪ ಚಿಪ್ಪಿನ ಜೀವ ಅದು. ಒಂದು ಗೇಣು ಬೆಳೆದರೆ ಬಲಿತ ಹಾಗೆ, ನೀರಿಗೆ ಮೊಟ್ಟೆ ಬಿಡುವ ಹಾಗೆ. ಅದಕ್ಕಿಂತ ಚಿಕ್ಕದನ್ನು ಕಿತ್ತರೆ ಮುಂದಿನ ಪೀಳಿಗೆಯನ್ನೇ ಕಿತ್ತ ಹಾಗೆ. ಒಳಗಡಲಿನ ಪಾವುವಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಲಿತಿದ್ದರೆ ಮಾತ್ರ ಗರಿ ಬಿಚ್ಚಬೇಕು. ಇದು ನಮ್ಮ ಅಜ್ಜಂದಿರ ಅಜ್ಜಂದಿರು ಮಾಡಿದ ಕಟ್ಟಳೆ.

ಮೊದಲೆಲ್ಲ ತಮರುವಾ ಅಜ್ಜ ತಾವೇ ಮುಳುಗಿ ನೋಡಿ ಬಂದು ಹೇಳುತ್ತಿದ್ದರು. ರಾಉಯಿ ಅವರ ಮನೆತನದ ಹೊಣೆ. ಈಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆದ್ದರಿಂದಲೇ, “ನಮ್ಮ ಹೆಂಗಸರು ಸಂಜೆ ಶಾಲೆಯಲ್ಲಿ ಎಣಿಕೆಯ ವಿದ್ಯೆ ಕಲೀತಿದ್ದಾರಲ್ಲ, ಅವರೇ ನೋಡ್ಲಿ” ಎಂದದ್ದು.

ಆ ಹೆಂಗಸರಲ್ಲಿ ಮೊದಲ ಬೆಂಚು ಅಕಾಯಿತಿಯದು. ನನ್ನದು ಕೊನೆಯದು. ಚಿಕ್ಕಂದಿನಲ್ಲಿ ತಂಗಿ ತಮ್ಮಂದಿರನ್ನು ಎತ್ತಿ ಆಡಿಸುತ್ತ ಶಾಲೆ ಬಿಟ್ಟವರು ನಾವು. ನೂರೋವಾ ಮೇಷ್ಟ್ರು ಹಗಲು ಮಕ್ಕಳಿಗೆ ಪಾಠ ಹೇಳಿ, ಸಂಜೆ ನಮಗಾಗಿ ಅದೇ ಗಿಡ್ಡ ಬೆಂಚುಗಳನ್ನು ಒರೆಸಿ ಇಡುತ್ತಿದ್ದರು. ಅವರು ಶೂನ್ಯ ಪ್ರಾಕ್ಕಲ್ಪನೆ, ಪರ್ಯಾಯ ಪ್ರಾಕ್ಕಲ್ಪನೆ ಎಂಬ ದೊಡ್ಡ ಹೆಸರುಗಳನ್ನು ಬರೆದ ದಿನ ನನಗೆ ತಲೆಬುಡ ತಿಳಿಯಲಿಲ್ಲ. ಅಕಾಯಿತಿಯೇ ನನಗೆ ಬಿಡಿಸಿ ಹೇಳಿದ್ದು.

“ನೋಡಕ್ಕ, ಒಂದು ಮಾತು ಮೊದ್ಲೇ ಕುರ್ಚಿ ಮೇಲೆ ಕೂತಿರುತ್ತೆ. ಅದು ಶೂನ್ಯದ್ದು. ಇನ್ನೊಂದು ಬಾಗಿಲಲ್ಲಿ ನಿಂತಿರುತ್ತೆ, ‘ಏಳು, ನಾನು ಕೂರ್ಬೇಕು’ ಅನ್ನುತ್ತೆ. ಸುಮ್ನೆ ಅಂದ್ರೆ ಕೂತವಳು ಏಳ್ತಾಳಾ? ಬಲವಾದ ಸಾಕ್ಷಿ ತಂದ್ರೆ ಮಾತ್ರ ಏಳ್ತಾಳೆ.”

“ನನ್ನತ್ತೆ ಥರ ಅನ್ನು,” ಎಂದೆ ನಾನು.

“ನಿನ್ನತ್ತೆ ಸಾಕ್ಷಿ ತಂದ್ರೂ ಏಳ್ತಿರ್ಲಿಲ್ಲ ಬಿಡು.”

ಅವತ್ತಿನಿಂದ ನಮ್ಮ ತರಗತಿಯಲ್ಲಿ ಅವಕ್ಕೆ ಕೂತ ಮಾತು, ಎದ್ದ ಮಾತು ಅಂತಲೇ ಹೆಸರಾಯಿತು. ಮೇಷ್ಟ್ರೂ ಹಾಗೆಯೇ ಕರೆಯತೊಡಗಿದರು. ಅವರು ಒತ್ತಿ ಒತ್ತಿ ಹೇಳುತ್ತಿದ್ದ ಕೆಲವು ಸಂಗತಿಗಳಿದ್ದವು. ಮಾತು ನಿಮ್ಮ ಬುಟ್ಟಿಗೆ ಬಂದವುಗಳ ಬಗ್ಗೆ ಅಲ್ಲ, ಇಡೀ ಒಳಗಡಲಿನ ಬಗ್ಗೆ. ಇಡೀ ಒಳಗಡಲಿನಲ್ಲಿ ಬಲಿತವುಗಳ ಪಾಲು ಎಷ್ಟೋ ಅದಕ್ಕೆ ‘ಪಿ’ ಅಂತ ಹೆಸರು. ಸಮ ಎಂಬ ಚಿಹ್ನೆ ಯಾವಾಗಲೂ ಕೂತ ಮಾತಿನ ಮನೆಯಲ್ಲಿರಬೇಕು. ನೀರಿಗೆ ಕೈ ಹಾಕುವ ಮೊದಲೇ ಎರಡೂ ಮಾತು ಬರೆದಿಟ್ಟಿರಬೇಕು. ಇನ್ನು ಯಾವ ಮಾತು ಬಾಗಿಲಲ್ಲಿ ನಿಲ್ಲಬೇಕು ಅನ್ನುವುದನ್ನು ಲೆಕ್ಕ ಹೇಳುವುದಿಲ್ಲ, ಅದನ್ನು ಮನುಷ್ಯರೇ ಆರಿಸಬೇಕು. “ನೀವು ಏನನ್ನ ತೋರಿಸಿಕೊಡಬೇಕೋ ಅದೇ ಎದ್ದ ಮಾತು. ಸುಮ್ಮನೆ ನಂಬಿಬಿಟ್ಟರೆ ಊರು ಕೆಡುತ್ತಲ್ಲ, ಅಂಥ ಮಾತನ್ನ ಯಾವತ್ತೂ ಕುರ್ಚಿ ಮೇಲೆ ಕೂರಿಸಬೇಡಿ,” ಎನ್ನುತ್ತಿದ್ದರು.

ಸಭೆಯ ಹೊತ್ತಿಗೆ ಮೇಷ್ಟ್ರು ಊರಲ್ಲಿರಲಿಲ್ಲ. ಪರೀಕ್ಷೆಯ ಪತ್ರಿಕೆ ತಿದ್ದಲು ದೊಡ್ಡ ದ್ವೀಪ ರಾರೊಟೊಂಗಾಕ್ಕೆ ಹೋಗಿದ್ದರು. ತಮರುವಾ ಅಜ್ಜ ಪ್ರಾರ್ಥನೆ ಮಾಡಿಸಿ, “ಒಳಗಡಲು ಬಲಿತ ಹಾಗೆ ಕಾಣುತ್ತೆ. ನಮ್ಮ ಅಕಾಯಿತಿ ಬರೀತಾಳೆ, ನೋಡಿ,” ಎಂದು ಕೂತರು. ಅಕಾಯಿತಿ ಎದ್ದು ಬರೆದಳು.

ಕೂತ ಮಾತು: ಬಲಿತವುಗಳ ಪಾಲು ಅರ್ಧ. ಪಿ = ೦.೫
ಎದ್ದ ಮಾತು: ಬಲಿತವುಗಳ ಪಾಲು ಅರ್ಧಕ್ಕಿಂತ ಕಡಿಮೆ. ಪಿ < ೦.೫

“ಅರ್ಧಕ್ಕಿಂತ ಕಡಿಮೆ ಅಂತ ಸಾಕ್ಷಿ ಸಿಕ್ಕಿದ್ರೆ ಗರಿ ಹಾಗೇ ಇರ್ಲಿ. ಸಿಗ್ಲಿಲ್ಲ ಅಂದ್ರೆ ಬಿಚ್ಚೋಣ,” ಎಂದು ಓದಿ ಹೇಳಿದಳು. ಕೇಳುವುದಕ್ಕೆ ಎಷ್ಟು ಚೆನ್ನಾಗಿತ್ತು! ಸಮ ಚಿಹ್ನೆ ತನ್ನ ಮನೆಯಲ್ಲೇ ಇತ್ತು. ಪಿ ಎಂದರೆ ಇಡೀ ಒಳಗಡಲು ಎಂದು ಅವಳು ಬಿಡಿಸಿಯೂ ಹೇಳಿದಳು. ಪರೀಕ್ಷೆಯಲ್ಲಿ ಬರೆದಿದ್ದರೆ ಮೇಷ್ಟ್ರು ಕೆಂಪು ಶಾಯಿ ಹಚ್ಚಲು ಜಾಗ ಹುಡುಕಬೇಕಿತ್ತು.

ಎಣಿಕೆಯಲ್ಲೂ ಮೋಸ ಇರಲಿಲ್ಲ. ಒಳಗಡಲನ್ನು ಹಗ್ಗದಲ್ಲಿ ಚೌಕ ಚೌಕ ಮಾಡಿ, ಚೀಟಿ ಎತ್ತಿ, ಚೀಟಿ ಹೇಳಿದ ಕಡೆಯೇ ಮುಳುಗಿ ನಲವತ್ತು ಪಾವುವಾಗಳಿಗೆ ಗೇಣಿನ ಕೋಲು ಹಿಡಿದೆವು. ಕೀಳಲಿಲ್ಲ, ಇದ್ದಲ್ಲೇ ಅಳೆದೆವು. ಬಲಿತವು ಹದಿನೇಳು. ಪಾಲು ನಿಜಕ್ಕೂ ಅರ್ಧವಿದ್ದರೆ ಹದಿನಾಲ್ಕೋ ಅದಕ್ಕಿಂತ ಕಡಿಮೆಯೋ ಬರುವುದು ನೂರಕ್ಕೆ ಐದು ಸಲವೂ ಇಲ್ಲ, ಹಾಗೆ ಬಂದಿದ್ದರೆ ಎದ್ದ ಮಾತಿಗೆ ಸಾಕ್ಷಿ ಸಿಕ್ಕ ಹಾಗೆ ಎಂದು ಅಕಾಯಿತಿ ಮೊದಲೇ ಲೆಕ್ಕ ಹಾಕಿದ್ದಳು. ಹದಿನೇಳು ಬಂದದ್ದರಿಂದ ಸಾಕ್ಷಿ ಸಾಲಲಿಲ್ಲ. ಕೂತ ಮಾತು ಕೂತೇ ಇತ್ತು. ಸೋಮವಾರ ಬೆಳಿಗ್ಗೆ ಅಜ್ಜ ಕೈಯಿಂದ ತಡವಿ ತಡವಿ ಗರಿಯ ಗಂಟು ಬಿಚ್ಚಿದರು. ಹುಡುಗರು ದೋಣಿ ತಳ್ಳುತ್ತ ಹಾಕಿದ ಕೇಕೆ ಚರ್ಚಿನ ಗಂಟೆಗಿಂತ ದೂರ ಕೇಳಿತು.

ಅಕಾಯಿತಿಯ ಮನೆಯಲ್ಲಿ ಆ ಶನಿವಾರ ಕೂದಲು ಕತ್ತರಿಸುವ ಹಬ್ಬ. ಅವಳ ಮಗಳು ತುತಾಯಿ ಇರುವುದು ಆಕ್ಲೆಂಡಿನಲ್ಲಿ. ಮೊಮ್ಮಗ ಯೋವಾನೆಗೆ ಹುಟ್ಟಿದಾಗಿನಿಂದ ಕತ್ತರಿ ತಾಗಿಸಿರಲಿಲ್ಲ. ನಮ್ಮಲ್ಲಿ ಗಂಡುಮಕ್ಕಳ ಮೊದಲ ಕೂದಲು ಬಂಧುಬಳಗದ ಕೈಯಿಂದಲೇ ಹೋಗಬೇಕು. ಒಬ್ಬೊಬ್ಬರು ಒಂದೊಂದು ಜಡೆ ಕತ್ತರಿಸಿ, ಕಾಣಿಕೆ ಇಟ್ಟು, ಉಂಡು ಹೋಗುತ್ತಾರೆ. ಆ ಊಟದಲ್ಲಿ ಪಾವುವಾ ಇಲ್ಲದಿದ್ದರೆ ಮನೆಯವರು ಅತಿಥಿಗಳ ಮುಖ ನೋಡಲಾರರು. ಅದೂ ವಿಮಾನ ಹತ್ತಿ ಬಂದ ಅತಿಥಿಗಳು.

ಮಂಗಳವಾರ ತುತಾಯಿ ಬಂದಿಳಿದಳು. ಬುಧವಾರ ನಾನು ಅಕಾಯಿತಿಯ ಹಿತ್ತಿಲ ಮೆಟ್ಟಿಲ ಮೇಲೆ ತುರಿಮಣೆ ಹಾಕಿಕೊಂಡು ತೆಂಗಿನಕಾಯಿ ತುರಿಯುತ್ತಿದ್ದೆ. ಹಬ್ಬದ ಮನೆ, ಕೈ ನೀಡಬೇಕಲ್ಲ. ಅಷ್ಟರಲ್ಲಿ ತೈರಿ ಬಂದ. ಮೀನು ಹಿಡಿಯುವವ, ಬಾಯಿ ಜೋರು, ಅಕಾಯಿತಿಗೆ ದಾಯಾದಿ ತಮ್ಮ. ಹೆಗಲ ಮೇಲಿನ ಬುಟ್ಟಿ ದಡ್ಡನೆ ಇಳಿಸಿದ.

“ಅಕ್ಕೋ! ಹಿಡಿ ನಿನ್ನ ಪಾಲು. ನಿನ್ನ ಸೀಮೆಸುಣ್ಣ ಇಲ್ದಿದ್ರೆ ಈ ವರ್ಷಾನೂ ಡಬ್ಬಿ ಮೀನೇ ಗತಿಯಾಗಿತ್ತು.”

ಅಕಾಯಿತಿ ಬುಟ್ಟಿಗೆ ಕೈ ಹಾಕಿ ಒಂದು ಚಿಪ್ಪು ಎತ್ತಿದಳು. ಅವಳ ಅಂಗೈ ಮೇಲೆ ಅದು ಬಿಸ್ಕತ್ತಿನ ಹಾಗೆ ಕೂತಿತ್ತು. ಇನ್ನೊಂದು ಎತ್ತಿದಳು. ಅದೂ ಅಷ್ಟೇ.

“ಏನೋ ಇದು, ಎಲ್ಲಾ ಹಸುಗೂಸು!”

“ಅಂಚಿನ ದೊಡ್ಡವನ್ನ ಮೊದಲ ದಿನವೇ ಕಿತ್ತಾಯ್ತು, ಉಳಿದವು ಹೀಗೇ. ಎಳೇವು, ಬಾಯಲ್ಲಿ ಇಟ್ರೆ ಕರಗುತ್ತೆ. ನಿಂಬೆಹುಳಿ ಹಿಂಡು, ಕಾಯಿಹಾಲು ಹಾಕು, ಆಕ್ಲೆಂಡಿನವರು ಬೆರಳು ಚೀಪ್ತಾರೆ. ಇನ್ನು ದೊಡ್ಡವು ಇರೋದು ನಡುವಿನ ಗುಂಡಿಯಲ್ಲಿ, ತಾಯಿಗಳು. ಶುಕ್ರವಾರ ದೊಡ್ಡ ಇಳಿತ ಇದೆಯಲ್ಲ? ನೀರು ಮೊಣಕಾಲಿಗೆ ಬರುತ್ತೆ. ಇಡೀ ಊರು ಹೋಗ್ತಿದೆ. ಒಂದೂ ಬಿಡಲ್ಲ.”

“ಒಂದೂ ಬಿಡಲ್ವಾ?”

“ನೀನೇ ಹೇಳಿದ್ಯಲ್ಲ, ಬಲಿತಿವೆ ಅಂತ. ಈಗ ಕಣ್ಣು ಯಾಕೆ ಬಿಡ್ತೀಯ? ಶನಿವಾರ ನನಗೆ ದೊಡ್ಡ ಜಡೆ ಇಟ್ಟಿರು,” ಎಂದು ನಗುತ್ತ ಹೋದ.

ಅಕಾಯಿತಿ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಚಿಪ್ಪುಗಳನ್ನು ಒಂದೊಂದಾಗಿ ಎತ್ತಿ ಗೇಣಿಗೆ ಹಿಡಿದು ನೋಡಿದಳು. ನಾನು ತುರಿಯುತ್ತಲೇ ಇದ್ದೆ. ನನಗೆ ಅವಸರ ಯಾವತ್ತೂ ಇಲ್ಲ.

“ಅಕ್ಕಾ,” ಎಂದಳು ಕೊನೆಗೆ, “ಬೋರ್ಡಲ್ಲಿ ನಾನು ಬರೆದದ್ದು ನೆನಪಿದ್ಯಾ?”

“ಇದೆ. ಕೂತದ್ದು ಅರ್ಧ. ಎದ್ದದ್ದು ಅರ್ಧಕ್ಕಿಂತ ಕಡಿಮೆ.”

“ಅದು ತಿರುಗಾಮುರುಗಾ.”

ನನಗೆ ಹೊಳೆಯಲಿಲ್ಲ. ಅವಳು ನನ್ನ ಕೈಯಿಂದ ಕರಟ ಕಿತ್ತು ಪಕ್ಕಕ್ಕಿಟ್ಟಳು.

“ನಲವತ್ತರಲ್ಲಿ ಅರ್ಧ ಎಷ್ಟು?”

“ಇಪ್ಪತ್ತು.”

“ನಮಗೆ ಬಂದದ್ದು?”

“ಹದಿನೇಳು.”

“ಅರ್ಧಕ್ಕಿಂತ ಹೆಚ್ಚು ಬಲಿತಿರ್ಬೇಕು ಅನ್ನೋದು ಕಟ್ಟಳೆ. ನಮ್ಮ ಕೈಗೆ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ. ಆದ್ರೂ ಗರಿ ಬಿಚ್ಚಿದ್ವಿ. ಯಾಕೆ ಹೇಳು?”

“ತೀರಾ ಕಡಿಮೆ ಅಲ್ಲ ಅಂತ. ಸಾಕ್ಷಿ ಸಾಲದು ಅಂತ.”

“ಯಾವುದಕ್ಕೆ ಸಾಲದು? ಮುಚ್ಚಿಡೋದಕ್ಕೆ ಸಾಲದು. ತೆರೆಯೋದಕ್ಕೆ ಸಾಕ್ಷಿ ಇದ್ಯಾ ಅಂತ ಯಾರೂ ಕೇಳ್ಲೇ ಇಲ್ಲ. ಯಾರೂ ಕೇಳದ ಹಾಗೆ ಬರೆದವಳು ನಾನು. ಬಲಿತಿದೆ ಅನ್ನೋದನ್ನ ಬಾಗಿಲಲ್ಲಿ ನಿಲ್ಲಿಸ್ಬೇಕಾಗಿತ್ತು ಅಕ್ಕಾ. ನಾನು ಅದನ್ನೇ ಕುರ್ಚಿ ಮೇಲೆ ಕೂರಿಸ್ದೆ. ಕೂತದ್ದು ತಾನಾಗೇ ಗೆಲ್ತು.”

ಆಗ ನನಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಸಭೆಯಲ್ಲಿ ನನ್ನ ತಲೆ ಆಡಿದ್ದೂ ನೆನಪಾಯಿತು.

“ಗೊತ್ತಿಲ್ದೆ ಆಯ್ತು ಬಿಡು,” ಎಂದೆ.

“ಗೊತ್ತಿತ್ತು.” ಅವಳ ದನಿ ಇಳಿಯಿತು. “ಸೀಮೆಸುಣ್ಣ ಎತ್ತಿದಾಗ್ಲೇ ಗೊತ್ತಿತ್ತು. ಅಜ್ಜ ಆಗಷ್ಟೇ ಬಲಿತ ಹಾಗಿದೆ ಅಂದ್ರು. ಹಿರಿಯರ ಮಾತನ್ನ ಬಾಗಿಲಲ್ಲಿ ನಿಲ್ಲಿಸಿ ‘ಸಾಕ್ಷಿ ತಗೊಂಡ್ಬಾ’ ಅನ್ನೋದು ಹೇಗೆ? ಅನುಮಾನ ಪಡೋರು ತಾನೇ ಸಾಕ್ಷಿ ತರ್ಬೇಕು? ಮರ್ಯಾದೆಗೆ ಹಾಗೆ ಬರೆದೆ.”

ನಮ್ಮಲ್ಲಿ ಅದು ನಿಜ. ಹಿರಿಯರು ಆಡಿದ ಮಾತಿಗೆ ಎದುರು ಹೇಳುವವರೇ ಬೆವರಬೇಕು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆನೇನೋ.

“ಮರ್ಯಾದೆಗೇ ಅಂದ್ಕೊಂಡೆ,” ಎಂದಳು ಮತ್ತೆ, ಬುಟ್ಟಿಯ ಕಡೆ ನೋಡುತ್ತ.

ಒಳಗಿಂದ ತುತಾಯಿ ಬಂದು ಬಾಗಿಲಿಗೆ ಒರಗಿ ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳು.

“ಅಮ್ಮಾ, ಈಗೇನು ಊರಿಗೆಲ್ಲಾ ಡಂಗುರ ಹೊಡೀತೀಯಾ? ಅತ್ತೆ ಮನೆಯವರು ವಿಮಾನದಲ್ಲಿ ಕೂತಾಗಿದೆ. ಪಾವುವಾ, ಪಾವುವಾ ಅಂತ ಜಪ ಮಾಡ್ಕೊಂಡು ಬರ್ತಿದ್ದಾರೆ.”

“ಶುಕ್ರವಾರ ಇಳಿತ ಕಣೆ. ತಾಯಿಗಳನ್ನೆಲ್ಲ ಕೀಳ್ತಾರೆ.”

“ಶನಿವಾರ ರಾತ್ರಿ ಹೇಳು. ಭಾನುವಾರ ಚರ್ಚಲ್ಲಿ ಹೇಳು. ಎರಡು ದಿನಕ್ಕೆ ಸಮುದ್ರ ಬತ್ತಿ ಹೋಗುತ್ತಾ? ನಿನ್ನ ಮೊಮ್ಮಗನಿಗೆ ಇದೊಂದೇ ಸಲ ಕೂದಲು ಕತ್ತರಿಸೋದು. ಅವತ್ತು ನಿನ್ನ ಮರ್ಯಾದೆ ಹೋದ್ರೆ ಅವನದ್ದೂ ಹೋಗುತ್ತೆ.”

ಅಕಾಯಿತಿ ಬುಟ್ಟಿಯನ್ನು ನೆರಳಿಗೆ ಎಳೆದು ಮೇಲೆ ಒದ್ದೆ ಗೋಣಿ ಹೊದಿಸಿದಳು. ಆ ಸಂಜೆ ಊಟಕ್ಕೆ ಕೂತಾಗ ತುತಾಯಿ ತಟ್ಟೆಗೆ ಪಾವುವಾ ಬಡಿಸಿದರೆ, ಅವಳು ಕೆಸುವಿನ ಗೆಡ್ಡೆ ಮಾತ್ರ ತಿಂದು ಎದ್ದಳು ಎಂದು ಆಮೇಲೆ ಕೇಳಿದೆ.

ಗುರುವಾರ ಬೆಳಿಗ್ಗೆ, “ಅಜ್ಜನ ಹತ್ರ ಹೋಗ್ತೀನಿ, ಜೊತೆಗೆ ಬಾ ಅಕ್ಕ, ದಾರಿಯಲ್ಲಿ ವಾಪಸ್ ತಿರುಗಿದ್ರೆ ಹಿಡ್ಕೋ,” ಎಂದಳು. ಎರಡು ಸಲ ತಿರುಗಿದಳು ಕೂಡ. ಒಮ್ಮೆ ಒಲೆ ಆರಿಸಿಲ್ಲ ಅಂದಳು, ಒಮ್ಮೆ ಚಪ್ಪಲಿ ಕಚ್ಚುತ್ತೆ ಅಂದಳು. ನಾನು ದಾರಿಯ ನಡುವೆ ಸುಮ್ಮನೆ ನಿಂತೆ. ಅವಳೇ ಬಂದಳು.

ತಮರುವಾ ಅಜ್ಜ ಬ್ರೆಡ್‌ಫ್ರೂಟ್ ಮರದ ಕೆಳಗೆ ಕೂತು ಬೆರಳ ತುದಿಯಲ್ಲೇ ನೋಡುತ್ತ ಬಲೆ ಹೆಣೆಯುತ್ತಿದ್ದರು.

“ಯಾರು? ಹೆಜ್ಜೆ ಅಕಾಯಿತಿದು. ಇನ್ನೊಂದು ಆಮೆ ಹೆಜ್ಜೆ ಪಕ್ಕದ ಮನೆಯವಳದು. ಬನ್ನಿ ಕೂತ್ಕೊಳಿ.”

ಅಕಾಯಿತಿ ಕೂರಲಿಲ್ಲ. ನಿಂತಲ್ಲೇ ಹೇಳಿದಳು, ನನಗೆ ಹೇಳಿದ್ದನ್ನೇ. ಕುರ್ಚಿ, ಬಾಗಿಲು, ಹದಿನೇಳು. ಅಜ್ಜ ಬಲೆಯ ಕಣ್ಣು ಎಣಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಅವಳು, “ನಿಮ್ಮ ಮಾತನ್ನ ಅನುಮಾನಿಸಿದ ಹಾಗಾಗುತ್ತೆ ಅಂತ ಹಾಗೆ ಬರೆದೆ ಅಜ್ಜ,” ಎಂದಾಗ ಅವರ ಕೈ ನಿಂತಿತು.

“ನನ್ನ ಮಾತಾ? ಬಲಿತ ಹಾಗೆ ಕಾಣುತ್ತೆ ಅಂದೆ. ಯಾರ ಕಣ್ಣಿಗೆ ಕಾಣುತ್ತೆ? ಈ ಕಣ್ಣಿಗಾ? ನನ್ನ ಹೆಂಡತಿ ಎದುರು ನಿಂತ್ರೆ ನನಗೆ ಬಾಳೆಗಿಡ ಥರ ಕಾಣ್ತಾಳೆ. ನನ್ನ ಮಾತನ್ನ ನಾನೇ ನಂಬದೆ ತಾನೇ ನಿಮ್ಮನ್ನ ಎಣಿಸೋಕೆ ಕಳ್ಸಿದ್ದು? ಅನುಮಾನ ಪಡಿ ಅಂತ್ಲೇ ಕಳ್ಸಿದ್ದು!”

ಅಕಾಯಿತಿ ಕೆಳಗೆ ಜಾರಿದ ಬಲೆಯ ತುದಿಯನ್ನು ಎತ್ತಿ ಅವರ ಮಡಿಲಿಗಿಟ್ಟಳು.

“ನಿನ್ನ ಮೊಮ್ಮಗನ ಕೂದಲು ಯಾವಾಗ?” ಎಂದರು ಅಜ್ಜ, ಮೆಲ್ಲಗೆ.

“ಶನಿವಾರ.”

“ಊಂ.”

ಅಷ್ಟೇ. ಅವರು ಮತ್ತೆ ಬಲೆ ಎತ್ತಿಕೊಂಡರು. ಅವರು ಬೈದಿದ್ದರೆ ಚೆನ್ನಾಗಿತ್ತು. ಅಕಾಯಿತಿ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. “ಹಬ್ಬಕ್ಕೇ ಅಜ್ಜ. ಹಬ್ಬಕ್ಕೇ ಹಾಗೆ ಬರೆದೆ. ನಿಮ್ಮ ಹೆಸರನ್ನ ಅದರ ಮೇಲೆ ಹೊದಿಸಿದೆ.”

“ನನ್ನ ಹತ್ರ ಅತ್ತು ಏನು ಬಂತು? ಬರೆದದ್ದು ಎಲ್ಲರ ಎದುರು. ಒರೆಸೋದೂ ಎಲ್ಲರ ಎದುರೇ. ಗಂಟೆ ಹೊಡೆಸ್ತೀನಿ, ಮುಖ ತೊಳ್ಕೊಂಡು ಬಾ.”

ಮಧ್ಯಾಹ್ನ ಸಭೆಮನೆ ತುಂಬಿತ್ತು. ಅಂದೇ ಬೆಳಗಿನ ವಿಮಾನಕ್ಕೆ ಬಂದಿಳಿದಿದ್ದ ನೂರೋವಾ ಮೇಷ್ಟ್ರು ಚೀಲ ಹೆಗಲಿಂದ ಇಳಿಸದೆಯೇ ಬಂದು ಕೂತರು. ಬೋರ್ಡಿನ ಮೇಲೆ ಅವೇ ಎರಡು ಸಾಲು ಇನ್ನೂ ಇದ್ದವು, ಯಾರೂ ಒರೆಸಿರಲಿಲ್ಲ. ಮೇಷ್ಟ್ರು ಅದನ್ನು ಓದಿದರು, ಅಕಾಯಿತಿಯ ಮುಖ ನೋಡಿದರು, ಆಮೇಲೆ ನೆಲ ನೋಡಿದರು.

ಅಕಾಯಿತಿ ಬೋರ್ಡಿನ ಪಕ್ಕ ನಿಂತು ತಾನು ಮಾಡಿದ್ದನ್ನು ಹೇಳಿದಳು. ಗರಿ ಮತ್ತೆ ಕಟ್ಟಬೇಕು, ನಾಳೆಯ ಇಳಿತಕ್ಕೆ ಯಾರೂ ಇಳಿಯಬಾರದು ಎಂದಳು.

ತೈರಿ ಎದ್ದ. “ಒಂದು ನಿಮಿಷ. ಅಂದ್ರೆ ಎಣಿಕೆ ತಪ್ಪಾ?”

“ಎಣಿಕೆ ಸರಿ.”

“ಲೆಕ್ಕ ತಪ್ಪಾ?”

“ಲೆಕ್ಕಾನೂ ಸರಿ. ಕೇಳಿದ ಪ್ರಶ್ನೆ ತಪ್ಪು. ‘ಬಲಿತಿಲ್ಲ ಅಂತ ತೋರ್ಸಿ’ ಅಂತ ಕೇಳ್ದೆ. ‘ಬಲಿತಿದೆ ಅಂತ ತೋರ್ಸಿ’ ಅಂತ ಕೇಳ್ಬೇಕಿತ್ತು.”

“ಎರಡೂ ಒಂದೇ ಅಲ್ವೇನಕ್ಕ?”

“ಅಲ್ಲ ತೈರಿ. ನೀನು ಕಳ್ಳ ಅಂತ ತೋರಿಸೋಕೆ ನನಗೆ ಆಗ್ಲಿಲ್ಲ ಅಂದ್ರೆ, ನೀನು ಸಾಚಾ ಅಂತ ತೋರಿಸಿದ ಹಾಗಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ತೈರಿ ನಗಲಿಲ್ಲ. ಅವನ ಕಿವಿ ಕೆಂಪಾಗಿತ್ತು.

“ಸರಿ ಕಳ್ಳಾನೇ ಇರ್ಲಿ. ಮೂರು ದಿನದಿಂದ ನಾವು ಕಿತ್ತು ತಂದದ್ದು? ನನ್ನ ಮಕ್ಕಳು ತಿಂದದ್ದು? ಗರಿ ದಾಟಿದವನ ಮನೆಗೆ ಯಾರೂ ಉಣ್ಣೋಕೆ ಹೋಗಲ್ಲ ಅಂತೀವಿ. ಈಗ ಇಡೀ ಊರೇ ಗರಿ ದಾಟಿದ ಹಾಗಾಯ್ತಲ್ಲ. ನಿನ್ನ ಮಾತು ಕೇಳಿ!”

“ದಾಟಿದ್ದು ನಾನೊಬ್ಬಳೇ. ನೀವು ದಾಟಿಲ್ಲ. ನಿಮಗೆ ಗರಿ ಕಾಣದ ಹಾಗೆ ಮಾಡಿದ್ದು ನಾನು. ಯಾಕೆ ಅಂದ್ರೆ ಶನಿವಾರ ನನ್ನ ಮನೆ ಊಟಕ್ಕೆ ಪಾವುವಾ ಬೇಕಿತ್ತು.”

ಈ ಕೊನೆಯ ಮಾತು ಅವಳು ಹೇಳದಿದ್ದರೂ ನಡೆಯುತ್ತಿತ್ತು. ಲೆಕ್ಕದ ತಪ್ಪು ಎಂದುಕೊಂಡು ಊರು ಸುಮ್ಮನಾಗುತ್ತಿತ್ತು. ಹೇಳಿದ ಮೇಲೆ ತುತಾಯಿ ಎದ್ದು ಹೊರಗೆ ಹೋದಳು. ತೈರಿ ಟೋಪಿ ತಲೆಗಿಟ್ಟುಕೊಂಡು ಅವಳ ಹಿಂದೆಯೇ ಹೋದ.

ಅಕಾಯಿತಿ ಬಟ್ಟೆ ತೆಗೆದುಕೊಂಡು ಎರಡೂ ಸಾಲು ಒರೆಸಿದಳು. ಹೊಸದಾಗಿ ಬರೆದಳು. ಕೂತ ಮಾತು: ಬಲಿತವುಗಳ ಪಾಲು ಅರ್ಧ, ಅದಕ್ಕಿಂತ ಹೆಚ್ಚೇನಿಲ್ಲ. ಎದ್ದ ಮಾತು: ಬಲಿತವುಗಳ ಪಾಲು ಅರ್ಧಕ್ಕಿಂತ ಹೆಚ್ಚು.

“ಹದಿನೇಳು ಇದೆಯಲ್ಲ, ಅದನ್ನೇ ಇದಕ್ಕೆ ಹಚ್ಚಿ ನೋಡಿದ್ರಾಯ್ತು,” ಎಂದರು ಯಾರೋ.

ಆಗ ಮೇಷ್ಟ್ರು ಮೊದಲ ಸಲ ಬಾಯಿ ಬಿಟ್ಟರು. “ಬೇಡ. ಎಣಿಕೆ ನೋಡಿದ ಮೇಲೆ ಮಾತು ಬರೆಯೋದು ಇನ್ನೊಂದು ತಪ್ಪು. ಗರಿ ಕಟ್ಟಿಬಿಡಿ. ಈ ಮಾತಿಗೆ ಹೊಸ ಚೀಟಿ, ಹೊಸ ಎಣಿಕೆ. ನಲವತ್ತರಲ್ಲಿ ಇಪ್ಪತ್ತಾರಾದರೂ ಬಲಿತಿದ್ದರೆ ಬಿಚ್ಚೋಣ. ಇಲ್ಲದಿದ್ದರೆ ಇಲ್ಲ.” ಅಕಾಯಿತಿ ಸೀಮೆಸುಣ್ಣವನ್ನು ಅವರ ಕಡೆ ಚಾಚಿದಳು. “ನಿನ್ನ ಹತ್ತಿರವೇ ಇರಲಿ,” ಎಂದು ಅವರು ತೆಗೆದುಕೊಳ್ಳಲಿಲ್ಲ. ಸಾಯಂಕಾಲ ಕಂಬಕ್ಕೆ ಹಸಿ ಗರಿ ಬಿತ್ತು. ಶುಕ್ರವಾರ ನೀರು ಮೊಣಕಾಲಿಗಿಳಿದು ನಡುವಿನ ಗುಂಡಿ ಹೊಳೆಯುತ್ತಿದ್ದಾಗ ದಡದಲ್ಲಿ ಜನ ಸುಮ್ಮನೆ ನಿಂತು ನೋಡಿ ಮನೆಗೆ ಹೋದರು.

ಶನಿವಾರದ ಹಬ್ಬ ನಡೆಯಿತು. ಹಂದಿ, ಕೋಳಿ, ಮೀನು, ಕಾಯಿಹಾಲಲ್ಲಿ ಬೆಂದ ಕೆಸುವಿನ ಎಲೆ, ಪೋಕೆ ಎಂಬ ಬಾಳೆಹಣ್ಣಿನ ಸಿಹಿ ಕಡುಬು ಎಲ್ಲ ನೆಲದ ಒಲೆಯಿಂದ ಎದ್ದು ಬಂದವು. ಪಾವುವಾ ಇರಲಿಲ್ಲ. ತೈರಿ ಬುಧವಾರ ತಂದ ಬುಟ್ಟಿಯನ್ನು ಅಕಾಯಿತಿ ಗುರುವಾರವೇ ಬಾಗಿಲು ಬಾಗಿಲಿಗೆ ಹೋಗಿ ಮುದುಕರಿಗೆ ಹಂಚಿ ಬಂದಿದ್ದಳು. ಕಿತ್ತ ಚಿಪ್ಪು ಬಂಡೆಗೆ ಮತ್ತೆ ಅಂಟುವುದಿಲ್ಲವಲ್ಲ. ಆಕ್ಲೆಂಡಿನ ಬೀಗಿತ್ತಿ ಮೇಜಿನ ಉದ್ದಕ್ಕೂ ಕಣ್ಣು ಹಾಯಿಸಿ, “ಮೀನು ರುಚಿಯಾಗಿದೆ,” ಎಂದಳು. ಅಷ್ಟರಲ್ಲೇ ಎಲ್ಲ ಇತ್ತು.

ಯೋವಾನೆಯನ್ನು ಹೂವಿನ ಕೌದಿ ಹೊದಿಸಿದ ಕುರ್ಚಿಯಲ್ಲಿ ಕೂರಿಸಿ, ಕೂದಲನ್ನು ಸಣ್ಣ ಸಣ್ಣ ಜಡೆ ಮಾಡಿ ರಿಬ್ಬನ್ ಕಟ್ಟಿದ್ದರು. ತಮರುವಾ ಅಜ್ಜ ಮೊದಲು ಬಂದು ತಡವಿ ಒಂದು ಜಡೆ ಹಿಡಿದರು. “ಕಿವಿ ಕತ್ತರಿಸ್ಬೇಡ ತಾತಾ,” ಎಂದ ಹುಡುಗ. ಎಲ್ಲರೂ ನಕ್ಕರು, ಅಕಾಯಿತಿಯ ಹೊರತು. ಹೆಸರು ಕೂಗಿದ ಹಾಗೆ ಒಬ್ಬೊಬ್ಬರೇ ಬಂದರು. ತೈರಿಯ ಹೆಸರು ಕೂಗಿದಾಗ ಯಾರೂ ಏಳಲಿಲ್ಲ. ಮತ್ತೊಮ್ಮೆ ಕೂಗಿದರು. ಅಕಾಯಿತಿ ಕತ್ತರಿ ಹಿಡಿದು ಬಾಗಿಲ ಕಡೆ ನೋಡುತ್ತ ನಿಂತೇ ಇದ್ದಳು. ಕೊನೆಗೆ ತುತಾಯಿಯೇ ಬಂದು ತಾಯಿಯ ಕೈಯಿಂದ ಕತ್ತರಿ ತೆಗೆದುಕೊಂಡು, “ಮುಂದಿನವರನ್ನ ಕರೀರಿ,” ಎಂದಳು. ಆಮೇಲೆ ಇಡೀ ದಿನ ತಾಯಿ ಮಗಳು ಮಾತಾಡಲಿಲ್ಲ. ಆದರೆ ಹೊರಡುವಾಗ ತುತಾಯಿ ತಾಯಿಯ ಕೊರಳಿಗೆ ಹೂವಿನ ಹಾರ ಹಾಕಿ ಹೋದಳು. ಅದನ್ನು ಏನೆಂದು ಎಣಿಸಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಮರುವಾರ ಹೊಸ ಚೀಟಿ ಎತ್ತಿ ಎಣಿಸಿದೆವು. ಕೋಲು ಹಿಡಿದು ಮುಳುಗಿದವಳು ಅಕಾಯಿತಿಯೇ. ನೀರಿಂದ ತಲೆ ಎತ್ತಿ ಒಂದೊಂದಕ್ಕೂ ‘ಬಲಿತಿದೆ’, ‘ಇಲ್ಲ’ ಎಂದು ಕೂಗುತ್ತಿದ್ದಳು, ದೋಣಿಯಲ್ಲಿ ಕೂತು ನಾನು ಗೀಟು ಹಾಕುತ್ತಿದ್ದೆ. ‘ಇಲ್ಲ’ ಎನ್ನುವಾಗ ಅವಳ ದನಿ ನನಗೆ ಕೇಳಿಸಲು ಕಷ್ಟವಾಗುತ್ತಿತ್ತು. ನಲವತ್ತರಲ್ಲಿ ಹದಿಮೂರು ಬಂತು. ಇಪ್ಪತ್ತಾರರ ಹತ್ತಿರಕ್ಕೂ ಇಲ್ಲ. ಗರಿ ಕಂಬದಲ್ಲೇ ಉಳಿಯಿತು.

ದಡಕ್ಕೆ ಬಂದು ಕೂದಲು ಹಿಂಡಿಕೊಳ್ಳುತ್ತ ಅವಳು, “ಹದಿನೇಳಿತ್ತು. ಹದಿಮೂರಾಯ್ತು. ನಾಲ್ಕು ಹೋಯ್ತು,” ಎಂದಳು.

ಮೇಷ್ಟ್ರು ಅವಳ ಪಕ್ಕ ಮರಳ ಮೇಲೆ ಕೂತರು. ಒಳ್ಳೆಯ ಮನುಷ್ಯ. “ಹಾಗೆ ಕಳೆಯೋ ಹಾಗಿಲ್ಲಮ್ಮ. ಎರಡು ಸಲಾನೂ ಬರೀ ನಲವತ್ತು ಎಣಿಸಿದ್ದೀವಿ. ಒಳಗಡಲು ಚೂರೂ ಬದಲಾಗದೆ ಇದ್ದರೂ ಒಂದು ಸಲ ಹದಿನೇಳು, ಒಂದು ಸಲ ಹದಿಮೂರು ಬರಬಹುದು. ಚೀಟಿಯ ಏರುಪೇರು ಅದು. ಬೇಕಾದರೆ ಬರೆದೇ ನೋಡೋಣ. ಕೂತ ಮಾತು: ಆ ಮೂರು ದಿನ ಕಿತ್ತದ್ದರಿಂದ ಪಾಲು ಬದಲಾಗಿಲ್ಲ. ಎದ್ದ ಮಾತು: ಕಡಿಮೆ ಆಗಿದೆ. ಎದ್ದ ಮಾತಿಗೆ ಈ ಸಾ‌ಕ್ಷಿ ಸಾಲಲ್ಲ. ನಿನ್ನಿಂದಲೇ ಕೆಟ್ಟಿತು ಅಂತ ಹೇಳೋಕಾಗಲ್ಲ.”

ಅಕಾಯಿತಿ ಗೇಣಿನ ಕೋಲನ್ನು ಮರಳಲ್ಲಿ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಿದಳು.

“ನನ್ನಿಂದ ಕೆಟ್ಟಿಲ್ಲ ಅಂತಾನೂ ಹೇಳೋಕಾಗಲ್ಲ, ಅಲ್ವಾ ಮೇಷ್ಟ್ರೇ?”

“ಆಗಲ್ಲ,” ಎಂದರು ಮೇಷ್ಟ್ರು. ಅವರೇ ಕಲಿಸಿದ ಪಾಠ, ಬೇರೆ ಏನು ಹೇಳಿಯಾರು?

“ಹಾಗಾದ್ರೆ ‘ನನ್ನಿಂದ ಕೆಟ್ಟಿಲ್ಲ’ ಅನ್ನೋ ಮಾತು ಕುರ್ಚಿ ಮೇಲೆ ಕೂರೋದು ಬೇಡ,” ಎಂದಳು ಅವಳು. ಎದ್ದು, ಒದ್ದೆ ಲಂಗ ಹಿಂಡಿಕೊಂಡು, ದೋಣಿಯನ್ನು ಮೇಲಕ್ಕೆಳೆಯಲು ನನಗೆ ಕೈ ಕೊಟ್ಟಳು.